ಹಮರಾನ, ಮಜರೆ ಯರೆಹಾಳ

೧೯೭೭ನೆಯ ಇಸವಿ ಆಗಸ್ಟ್ ಎಂಟನೆಯ ತಾರೀಖಿನಿಂದ ಅರಬಸ್ತಾನದ ಹಮರಾನ ಪಟ್ಟಣವು ಯರೆಹಾಳ ಗ್ರಾಮದ ಮಜರೆಯಾಗಿದೆ. ಮಜರೆ ಎಂದರೆ ದೊಡ್ಡ ಊರಿನ ದಫ್ತರಕ್ಕೆ ಸೇರಿದ ಸಣ್ಣ ಊರು. ಯರೆಹಾಳದಲ್ಲಿ ಮುನ್ನೂರ ಹನ್ನೆರಡು ಮನೆಗಳಿವೆ. ಹಮರಾನದಲ್ಲಿ ಎಷ್ಟು ಮನೆಗಳಿವೆ ಎಂಬುದು ಇನ್ನೂ ತಿಳಿದುಬಂದಿಲ್ಲ. ತಿಳಿದ ಕೂಡಲೇ ಬರೆದುಕೊಳ್ಳಲು ಒಂದು ಸಾಲು ಖಾಲಿ ಬಿಡಲಾಗಿದೆ.

ಇದು ಯಾರ ಹಟದಿಂದಲೂ ಆದದ್ದಲ್ಲ. ಪ್ರತಿಯೊಂದು ಹಂತದಲ್ಲೂ ಸಂಬಂಧಪಟ್ಟವರು ತಮ್ಮ ತಮ್ಮ ಕರ್ತವ್ಯವನ್ನಷ್ಟೇ ಮಾಡಿದರು. ಮೊದಲ ಹಂತದಲ್ಲಿ ಇದ್ದವನು ದಾವೂದಸಾಬ.

ಯರೆಹಾಳ ಇರುವುದು ಶಲವಡಿಯಿಂದ ಅಣ್ಣಿಗೇರಿಯ ಕಡೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ. ಅಲ್ಲಿ ದಾವೂದಸಾಬ ಹಿಟ್ಟಿನ ಗಿರಣಿಯ ಇಂಜಿನ್ ರಿಪೇರಿ ಮಾಡುತ್ತಿದ್ದ. ವಯಸ್ಸು ಇಪ್ಪತ್ತೊಂಬತ್ತು. ಕೆಟ್ಟ ಇಂಜಿನ್ನಿನ ಮುಂದೆ ಕೂತು ಮೊದಲು ಸುಮ್ಮನೆ ಕೇಳುತ್ತಿದ್ದ, ಆಮೇಲೆ ನಟ್ಟು ಬಿಚ್ಚುವ ಒಂದೇ ಒಂದು ಪಾನಾ ಎತ್ತಿಕೊಳ್ಳುತ್ತಿದ್ದ. ಆ ಪಾನಾ ತಪ್ಪಿದ್ದನ್ನು ಸುತ್ತಲಿನ ಏಳು ಹಳ್ಳಿಯಲ್ಲಿ ಯಾರೂ ನೋಡಿರಲಿಲ್ಲ. ಹಮರಾನದಲ್ಲಿ ಸಮುದ್ರದ ಉಪ್ಪುನೀರನ್ನು ಸಿಹಿ ಮಾಡುವ ಒಂದು ಕಾರಖಾನೆ ಇತ್ತು. ಅದಕ್ಕೆ ಇಂಜಿನ್ ನೋಡಿಕೊಳ್ಳುವ ಜನ ಬೇಕಾಗಿ ಹುಬ್ಬಳ್ಳಿಯಲ್ಲಿ ಪರೀಕ್ಷೆ ನಡೆದಾಗ ಇವನು ಹೋಗಿ ಪಾಸಾಗಿ ಬಂದ.

ಜೂನ್ ಮೂರಕ್ಕೆ ಕಂಪನಿಯ ಪತ್ರ ಬಂತು. ಅಕ್ಟೋಬರ್ ಮೂವತ್ತೊಂದರ ಒಳಗೆ ಹಮರಾನದಲ್ಲಿ ಹಾಜರಿರಬೇಕು, ಇಲ್ಲವಾದರೆ ಜಾಗ ಬೇರೆಯವರಿಗೆ. ಜತೆಗೆ, ವಾಸಕ್ಕೆ ಮೂರು ಸ್ಥಳಗಳಿವೆ, ಒಂದನ್ನು ಆರಿಸಿ ತಿಳಿಸಬೇಕು. ಒಂದು, ಕಾರಖಾನೆಗೆ ಹತ್ತಿದ ಶೆಡ್ಡು. ಅಲ್ಲಿ ಹತ್ತು ಗಂಡಸರು. ಎರಡು, ಹಳೆಯ ಬಜಾರದಲ್ಲಿ ಅಂಗಡಿಯ ಮೇಲಿನ ಖೋಲಿ. ಅಲ್ಲಿ ನಾಲ್ಕು ಗಂಡಸರು. ಮೂರನೆಯದು ಕಾರಖಾನೆಯಿಂದ ನಾಲ್ಕು ಮೈಲಿ ಮರಳುಗಾಡಿನ ಒಳಗೆ ಹೊಸದಾಗಿ ಕಟ್ಟಿದ ಕೇರಿ. ಅಲ್ಲಿ ಎರಡೆರಡು ಖೋಲಿಯ ಸಣ್ಣ ಮನೆಗಳು. ಹೆಂಡತಿಯನ್ನು ಕರೆತರಲು ಅಡ್ಡಿಯಿಲ್ಲ.

ದಾವೂದಸಾಬ ಮತ್ತು ಅವನ ಹೆಂಡತಿ ಮಲಿಕಾಬಿ ಏಳು ವರ್ಷದಿಂದ ಅಣ್ಣ ಇಸ್ಮಾಯಿಲಸಾಬನ ಮನೆಯಲ್ಲಿ ಮಗ್ಗದ ಹಿಂದಿನ ಮೂಲೆಯಲ್ಲಿ ಒಂದು ಹಳೆಯ ಜಮಖಾನೆ ಅಡ್ಡ ಕಟ್ಟಿಕೊಂಡು ಸಂಸಾರ ಮಾಡುತ್ತಿದ್ದರು. ಮಗ್ಗ ನಡೆಯುವಾಗ ಮಾತಾಡಿದರೆ ಒಬ್ಬರಿಗೊಬ್ಬರಿಗೆ ಕೇಳಿಸುತ್ತಿರಲಿಲ್ಲ. ಮಗ್ಗ ನಿಂತಾಗ ಮಾತಾಡಿದರೆ ಎಲ್ಲರಿಗೂ ಕೇಳಿಸುತ್ತಿತ್ತು.

ದಾವೂದಸಾಬ ಪತ್ರದ ತಾತ್ಪರ್ಯ ಹೇಳಿ ಮುಗಿಸುವ ಮೊದಲೇ ಮಲಿಕಾಬಿ ಅಂದಳು, "ಮೂರನೇದು."

"ನಾಕು ಮೈಲಿ ಉಸುಕಿನಾಗ ಐತಿ."

"ಬಾಗಲಾ ಐತಿಲ್ಲೋ ಅದಕ್ಕ?"

"ಇರಬೇಕು."

"ಮತ್ತೇನು ಕೇಳತೀ? ಬರಿ."

ಹೀಗೆ ಮರಳುಗಾಡಿನ ಪಟ್ಟಣದಲ್ಲಿ ಎಲ್ಲಿ ವಾಸಿಸಬೇಕು ಎಂಬ ಪ್ರಶ್ನೆ ಅರ್ಧ ನಿಮಿಷದಲ್ಲಿ ತೀರ್ಮಾನವಾಯಿತು. ಅದೇ ಪ್ರಶ್ನೆಯನ್ನು ಕಾಯದೆ ಪ್ರಕಾರ ತೀರ್ಮಾನಿಸಲು ನಾಲ್ಕು ತಿಂಗಳು ಹಿಡಿಯಿತು.

ಪಾಸ್‌ಪೋರ್ಟ್ ಅರ್ಜಿಯ ಜತೆಗೆ ಊರು ಬಿಟ್ಟ ದಾಖಲೆ ಬೇಕಾಗಿತ್ತು. ಅದನ್ನು ಕೊಡುವವರು ತಾಲೂಕು ಕಚೇರಿಯ ಶಿರಸ್ತೇದಾರ ಕುಬೇರಪ್ಪನವರು. ಅವರು ಒಳ್ಳೆಯವರು. ಯಾರನ್ನೂ ನಿಲ್ಲಿಸಿ ಮಾತಾಡಿದವರಲ್ಲ. ಬೆಂಚಿನ ಮೇಲೆ ಕೂರಿಸಿ, ಆಮೇಲೆ ಆಗುವುದಿಲ್ಲ ಎನ್ನುತ್ತಿದ್ದರು.

"ಊರು ಬಿಟ್ಟ ದಾಖಲೆ ಕೊಡೂದು ನಮ್ಮ ಕೆಲಸಾನ," ಎಂದರು ಕುಬೇರಪ್ಪ. "ಆದ್ರ ಮೊದ್ಲ ನೀವು ಆ ಊರಿಗೆ ಹೋಗಿ ಸೇರಿದ ದಾಖಲೆ ತರಬೇಕು. ಆ ಊರಿನ ತಲಾಠಿ ಸಹಿ ಇರಬೇಕು."

"ನಿಮ್ಮ ದಾಖಲೆ ಇಲ್ದ ನನಗ ಅಲ್ಲಿಗೆ ಹೋಗಾಕ ಬರೂದಿಲ್ರಿ ಸಾಹೇಬ್ರ."

"ನೀವು ಹೋಗಬ್ಯಾಡ್ರಿ. ದಾಖಲೆ ಅಷ್ಟ ತರಸ್ರಿ."

ಈ ನಿಯಮಕ್ಕೆ ಹಿನ್ನೆಲೆ ಇತ್ತು. ಎಂಟು ವರ್ಷದ ಹಿಂದೆ ಒಬ್ಬ ಬಡಿಗ ಕೆಲಸಕ್ಕೆಂದು ಅಳ್ನಾವರದ ಕಡೆ ಹೋದ. ಇಲ್ಲಿಯ ಪಟ್ಟಿಯಿಂದ ಅವನ ಹೆಸರು ತೆಗೆದು ಹನ್ನೊಂದು ದಿನದ ಮೇಲೆ ಅಲ್ಲಿಯ ಪಟ್ಟಿಗೆ ಸೇರಿತು. ನಡುವಿನ ಹನ್ನೊಂದು ದಿನ ಅವನು ಸರಕಾರದ ದೃಷ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ. ಏಳನೆಯ ದಿನ ಅವನಿಗೊಂದು ಹೆಣ್ಣುಮಗು ಹುಟ್ಟಿತು. ಆ ಮಗು ಯಾವ ಊರಿನದು ಎಂಬ ಫೈಲು ಇನ್ನೂ ನಡೆದಿದೆ. ಮಗು ಈಗ ಎರಡನೆಯ ಇಯತ್ತೆಯಲ್ಲಿ ಓದುತ್ತಿದೆ. ಇಂಥದ್ದು ಮತ್ತೆ ಆಗಬಾರದೆಂದು, ಹೋದವನು ತಲುಪಿದ್ದು ಖಾತ್ರಿಯಾದ ಮೇಲೆಯೇ ಅವನಿಗೆ ಹೊರಡಲು ಅನುಮತಿ ಕೊಡತಕ್ಕದ್ದು ಎಂದು ಸುತ್ತೋಲೆ ಬಂದಿತ್ತು.

ದಾವೂದಸಾಬ ಯರೆಹಾಳದ ತಲಾಠಿ ಶಂಭುಲಿಂಗಪ್ಪನ ಬಳಿಗೆ ಹೋದ. ಸರಕಾರಿ ಕಾಗದದಲ್ಲಿ ಆ ಹುದ್ದೆಯ ಹೆಸರು ಗ್ರಾಮ ಲೆಕ್ಕಿಗ ಎಂದು ಬದಲಾಗಿದ್ದರೂ ಊರವರಿಗೆ ಅವನು ತಲಾಠಿಯೇ. ಶಂಭುಲಿಂಗಪ್ಪ ಪದ್ಧತಿಯಂತೆ ಒಂದು ಪತ್ರ ಬರೆದ. 'ಗೆ, ತಲಾಠಿಯವರು, ಮುಕ್ಕಾಮ ಪೋಸ್ಟ ಹಮರಾನ' ಎಂದು ವಿಳಾಸ ಹಾಕಿ, ತಾಲೂಕು ಎಂಬಲ್ಲಿ ಅಡ್ಡಗೆರೆ ಎಳೆದ. ಕಣ್ತಪ್ಪಿನಿಂದ ಖಾಲಿ ಬಿಟ್ಟಿದ್ದಾನೆಂದು ಯಾರೂ ಅನ್ನಬಾರದು ಎಂಬುದು ಅವನ ಕಾಳಜಿ.

ನಲವತ್ತೆಂಟು ದಿನದ ಮೇಲೆ ಪತ್ರ ಹಿಂದಕ್ಕೆ ಬಂತು. ಅದರ ಮೇಲೆ ಆರು ಊರಿನ ಶಿಕ್ಕೆಗಳಿದ್ದವು. ಎರಡು ಶಿಕ್ಕೆ ಎಡದಿಂದ ಓದುವಂಥವು, ನಾಲ್ಕು ಬಲದಿಂದ. ಹಮರಾನದಲ್ಲಿ ಇಂಥ ಅಧಿಕಾರಿ ಇಲ್ಲ ಎಂಬುದು ಎಲ್ಲದರ ಸಾರಾಂಶ.

ಕುಬೇರಪ್ಪನವರು ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಇಲ್ಲ ಅಂದ್ರ ಇಲ್ಲ ಅಂತ ಅಲ್ಲ. ತಲಾಠಿ ಜಾಗಾ ಖಾಲಿ ಐತಿ ಅಂತ ಅರ್ಥ."

ದಾವೂದಸಾಬನಿಗೆ ಒಮ್ಮೆಲೇ ಜೀವ ಬಂದಂತಾಯಿತು. "ಖಾಲಿ ಇದ್ರ ಏನು ಮಾಡತೀರ್ರಿ?"

"ಮಾಡೂದೇನು? ಬಾಜೂ ಊರಿನ ತಲಾಠಿಗೆ ಹೆಚ್ಚುವರಿ ಪ್ರಭಾರ ಕೊಡೂದು. ಎಲ್ಲಾ ಕಡೆ ಹಂಗ ನಡದೈತಿ."

ಬಾಜೂ ಊರು ಯಾವುದು ಎಂದು ಅಳೆಯಲು ಸಾಲೆಯಿಂದ ನಕಾಶೆಯ ಪುಸ್ತಕ ತರಿಸಲಾಯಿತು. ಹಮರಾನ ಅದರಲ್ಲಿ ಇರಲಿಲ್ಲ. ಕುಬೇರಪ್ಪನವರು ಅರಬಸ್ತಾನದ ನಟ್ಟನಡುವೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟರು.

"ಸಾಹೇಬ್ರ, ಅದು ಸಮುದ್ರದ ದಂಡಿ ಮ್ಯಾಲೆ ಐತ್ರಿ," ಎಂದ ದಾವೂದಸಾಬ.

"ದಂಡಿ ಮ್ಯಾಲೆ ಜಾಗಾ ಇಲ್ಲಪಾ, ಬರೇ ಹೆಸರ ತುಂಬ್ಯಾವು. ನಡುವ ಸ್ವಚ್ಛ ಐತಿ, ಇಲ್ಲಿ ಇರ್ಲಿ."

ನಂತರ ಚುಕ್ಕೆಯಿಂದ ತಾಲೂಕಿನವರೆಗೆ ದಾರ ಹಿಡಿದರು. ನಕಾಶೆಯಲ್ಲಿ ಇಡೀ ತಾಲೂಕು ಹುಬ್ಬಳ್ಳಿ ಎಂಬ ಹೆಸರಿನ ಕಡೆಯ ಅಕ್ಷರದ ಅಡಿಯಲ್ಲಿ ಮುಚ್ಚಿಹೋಗಿದ್ದರಿಂದ ಎಲ್ಲ ಹಳ್ಳಿಗಳೂ ಹಮರಾನಕ್ಕೆ ಸಮ ದೂರದಲ್ಲಿದ್ದವು. ಸಮ ದೂರ ಬಂದಾಗ ಅರ್ಜಿದಾರನ ಊರಿಗೆ ಪ್ರಾಶಸ್ತ್ಯ. ಆಗಸ್ಟ್ ಎಂಟಕ್ಕೆ ಆದೇಶ ಹೊರಟಿತು:

'ಹಮರಾನ ಗ್ರಾಮದ ತಲಾಠಿ ಹುದ್ದೆ ಖಾಲಿ ಇರುವ ಪ್ರಯುಕ್ತ, ಯರೆಹಾಳದ ತಲಾಠಿ ಶ್ರೀ ಶಂಭುಲಿಂಗಪ್ಪ ಇವರು ತಮ್ಮ ಕೆಲಸದ ಜತೆಗೆ ಸದರಿ ಗ್ರಾಮದ ಕೆಲಸವನ್ನೂ ನೋಡಿಕೊಳ್ಳತಕ್ಕದ್ದು. ವಾರಕ್ಕೊಮ್ಮೆ ಗ್ರಾಮಕ್ಕೆ ಭೇಟಿ ಕೊಡತಕ್ಕದ್ದು. ಇದಕ್ಕಾಗಿ ಸೈಕಲ್ ಭತ್ಯೆ ಕೇಳತಕ್ಕದ್ದಲ್ಲ.'

ಪ್ರಭಾರದ ಊರುಗಳ ತಖ್ತೆಯಲ್ಲಿ ಎರಡೇ ಕಾಲಮ್ಮುಗಳಿದ್ದವು: ಮೂಲಗ್ರಾಮ, ಮಜರೆ. ಯರೆಹಾಳ ಮೂಲಗ್ರಾಮದ ಕಾಲಮ್ಮಿನಲ್ಲಿ ಆಗಲೇ ಇತ್ತು. ಶಂಭುಲಿಂಗಪ್ಪ ಹಮರಾನವನ್ನು ಉಳಿದ ಕಾಲಮ್ಮಿನಲ್ಲಿ ಬರೆದ.

ಶಂಭುಲಿಂಗಪ್ಪ ಕೆಲಸದಲ್ಲಿ ಕಟ್ಟುನಿಟ್ಟಿನ ಮನುಷ್ಯ. ಚಕಬಂದಿ ಹಾಕದೆ, ಅಂದರೆ ನಾಲ್ಕೂ ದಿಕ್ಕಿಗೆ ಯಾರ ಸ್ವತ್ತಿದೆ ಎಂದು ಬರೆಯದೆ, ಅವನು ಇದುವರೆಗೆ ಒಂದು ದನದ ಕೊಟ್ಟಿಗೆಗೂ ದಾಖಲೆ ಕೊಟ್ಟಿರಲಿಲ್ಲ.

"ಮೂರನೇ ಜಾಗಾ ಅಂತ ಬರಕೊಟ್ಟಬಿಡ್ರಿ," ಎಂದು ದಾವೂದಸಾಬ ಕೇಳಿಕೊಂಡ. "ಅಕ್ಟೋಬರ್ ಕಡೀತನಕ ಅಷ್ಟ ಟೈಮ್ ಐತಿ."

"ಬರಕೊಡತೇನಿ. ನಾ ಏನು ನಿನ್ನ ವೈರಿ ಅಲ್ಲ. ಆದ್ರ ಪಂಚನಾಮೆ ಆಗಬೇಕು. ಪಂಚರು ಬೇಕು, ಸ್ಥಳದ ಮಾಹಿತಿ ಇದ್ದವರು ಒಬ್ಬರು ಬೇಕು."

ಊರಲ್ಲಿ ಮರಳುಗಾಡು ಕಂಡವಳು ಒಬ್ಬಳೇ, ಮಾಬುಬಿ. ಇಪ್ಪತ್ತು ವರ್ಷದ ಹಿಂದೆ ಹಡಗಿನಲ್ಲಿ ಹಜ್ ಯಾತ್ರೆ ಮಾಡಿ ಬಂದ ಮುದುಕಿ. ಅವಳನ್ನು ಚಾವಡಿಗೆ ಕರೆಸಿ ಕುರ್ಚಿ ಹಾಕಿದರು. ಎದುರಿಗೆ ಐದು ಜನ ಪಂಚರು. ಮುಖ್ಯರು ಪಂಚಾಯತಿ ಚೇರಮನ್ ಈರಬಸಪ್ಪನವರು. ದಾವೂದಸಾಬ ಕಂಬಕ್ಕೆ ಆತು ನಿಂತ. ಹೊರಗಿನ ಕಟ್ಟೆಯ ಮೇಲೆ ಹೆಂಗಸರ ನಡುವೆ ಮಲಿಕಾಬಿ ಕೂತಿದ್ದಳು.

"ಮಾಬುಬಿಯಮ್ಮಾ, ಹಮರಾನ ನೋಡೀರೇನು?" ತಲಾಠಿ ಕೇಳಿದ.

"ಹಮರಾನ ನೋಡಿಲ್ಲಪಾ. ಉಸುಕು ನೋಡೀನಿ."

"ಉಸುಕಿನಾಗ ಏನೇನಿತ್ತು?"

"ಉಸುಕು."

"ಪೂರ್ವಕ್ಕ?"

"ಉಸುಕು."

"ಪಶ್ಚಿಮಕ್ಕ?"

"ಏ ಶಂಭುಲಿಂಗಾ, ಸಣ್ಣಾವಿದ್ದಾಗ ನೀ ಅಂಗಳದ ಮಣ್ಣು ತಿಂತಿದ್ದಿ, ಬಾಯಾಗ ಬೆರಳು ಹಾಕಿ ತಗದಾಕಿ ನಾ. ನನ್ನ ಮುಂದ ತಿರತಿರುಗಿ ಒಂದ ಕೇಳಬ್ಯಾಡ. ನಾಕೂ ಕಡೆ ಉಸುಕು."

ತಲಾಠಿ ಲೇಖನಿ ಕೆಳಗಿಟ್ಟ. ಬರೀ ಉಸುಕು ಎಂದರೆ ಚಕಬಂದಿ ಆಗುವುದಿಲ್ಲ. ಉಸುಕು ಯಾರ ಹೆಸರಿನಲ್ಲಿದೆ ಎಂದು ಬರೆಯಬೇಕು.

"ಯಾರ ಹೆಸರಿಲೆ ಐತ್ಯೋ ನನಗೇನು ಗೊತ್ತು? ಯಾರೂ ಅದನ್ನ ನಂದು ಅಂದದ್ದು ನಾ ಕೇಳಿಲ್ಲ," ಎಂದಳು ಮಾಬುಬಿ.

ಯಾರ ಹೆಸರಿನಲ್ಲೂ ಇಲ್ಲದ ಭೂಮಿಗೆ ದಫ್ತರದಲ್ಲಿ ಒಂದೇ ಹೆಸರು. ತಲಾಠಿ ನಾಲ್ಕೂ ದಿಕ್ಕಿಗೆ 'ಗಾಯರಾಣ' ಎಂದು ಬರೆದ, ಊರಿನ ದನ ಮೇಯುವ ಹುಲ್ಲುಗಾವಲು ಎಂದು. ಪಂಚರು ಉಳಿದ ವಿವರಗಳಿಗೆ ಹೋದರು. ಯರೆಹಾಳದಲ್ಲಿ ಮನೆ ನೋಡುವಾಗ ಕೇಳುವುದನ್ನೇ ಕೇಳಿದರು. ಮಳೆಯಲ್ಲಿ ಗೋಡೆ ಬಿರಿಯುತ್ತದೆಯೇ? ಮಳೆಯೇ ಇಲ್ಲ. ಕೆರೆ ಎಷ್ಟು ದೂರ? ಕೆರೆ ಇಲ್ಲ. ಜೋಳ ಇಡಲು ನೆಲದಲ್ಲಿ ಹಗೇವು ತೋಡಲು ಬರುತ್ತದೆಯೇ? ತೋಡಿದಷ್ಟೂ ಉಸುಕು ಬಂದು ತುಂಬುತ್ತದೆ.

"ಒಂದು ಮಾತು ಹೇಳತೇನಿ ಬರಕೋ," ಎಂದಳು ಮಾಬುಬಿ. "ಆ ಮಣ್ಣು ಕಾಲಿಗೆ ಹತ್ತೂದಿಲ್ಲ. ಝಾಡಿಸಿದ್ರ ಹೋತು."

ಪಂಚರು ಒಬ್ಬರನ್ನೊಬ್ಬರು ನೋಡಿಕೊಂಡರು. ಹೊರಗೆ ಎರಡು ದಿನದ ಮಳೆಯಾಗಿತ್ತು. ಚಾವಡಿಯ ಬಾಗಿಲಲ್ಲಿ ಅವರೆಲ್ಲರ ಮೆಟ್ಟುಗಳು ಸೇರು ಸೇರು ಎರೆಮಣ್ಣು ಹೊತ್ತುಕೊಂಡು ಬಿದ್ದಿದ್ದವು. ಅಂಥ ಮಣ್ಣೂ ಭೂಮಿಯ ಮೇಲೆ ಇದೆಯೆಂದು ಅವರಿಗೆ ಗೊತ್ತಿರಲಿಲ್ಲ.

ಈರಬಸಪ್ಪನವರು ಗಂಟಲು ಸರಿಮಾಡಿಕೊಂಡರು. "ಸಿಹಿನೀರಿನ ಕಾರಖಾನಿ ಐತಿ ಅಂದ್ರಿ. ಮಣ್ಣು ಕಾಲಿಗೆ ಹತ್ತೂದಿಲ್ಲ ಅಂದ್ರಿ. ಸುತ್ತಲೂ ಗಾಯರಾಣ ಅಂತ ಬರದೀರಿ. ಮಜರೆಯೊಳಗಿನ ಗಾಯರಾಣ ಯಾರ ತಾಬಾಕ ಬರತೈತ್ರಿ ತಲಾಠಿಯವರ?"

"ಪಂಚಾಯತಿ ತಾಬಾಕ್ರಿ."

"ಮತ್ತ ಪಂಚಾಯತಿ ಜಾಗಾ ದಾವೂದಗ ಒಬ್ಬಾಂವಗ ಹೆಂಗ ಕೊಡೂದು? ನಾಳೆ ಮಂದಿ ನನ್ನ ಮಾರಿಗೆ ಬಂದು ಕೇಳಂಗಿಲ್ಲೇನು?"

"ನನಗ ಕಂಪನಿಯಾವ್ರ ಕೊಟ್ಟಾರ್ರಿ ಚೇರಮನ್ರ," ಎಂದ ದಾವೂದಸಾಬ.

"ಕಂಪನಿ ಯಾವ ಊರಾಗೈತಿ?"

"ಹಮರಾನದಾಗ್ರಿ."

"ಹಮರಾನ ಯಾರ ಮಜರೆ?"

ಹೊರಗಿನಿಂದ ಮಲಿಕಾಬಿಯ ದನಿ ಬಂತು, "ಅಲ್ರಿ ಚೇರಮನ್ರ, ನಾವು ಹೋಗೂದು ನಿಮಗ ಬ್ಯಾಡಾಗೈತ್ಯೋ, ನೀವೂ ಬರಾವ್ರೋ?"

"ನೋಡವ್ವಾ, ನಾನು ಬರತೇನಿ ಅಂತ ಅಲ್ಲ. ನನ್ನ ಹೆಸರಿಲೆ ಇರಲಿ ಅಂತ."

ಮರುದಿನ ಚಾವಡಿಯ ಗೋಡೆಗೆ ಪ್ರಕಟಣೆ ಅಂಟಿಸಿದರು, ಡಂಗುರವನ್ನೂ ಸಾರಿಸಿದರು:

'ಯರೆಹಾಳ ಗ್ರಾಮದ ಸಮಸ್ತ ರಹವಾಸಿಗಳಿಗೆ ತಿಳಿಯಪಡಿಸುವುದೇನಂದರೆ, ನಮ್ಮ ಮಜರೆಯಾದ ಹಮರಾನದಲ್ಲಿ ಮನೆ ಕಟ್ಟಲು ಜಾಗ ಹಂಚುವುದಿದೆ. ಜಾಗ ಆರಿಸಿಕೊಳ್ಳುವವರು ಹದಿನೈದು ದಿನದೊಳಗೆ ಅರ್ಜಿ ಕೊಡತಕ್ಕದ್ದು. ಜಾಗವನ್ನು ಮುಂಚಿತವಾಗಿ ಹೋಗಿ ನೋಡಿಬರುವ ಅವಶ್ಯಕತೆ ಇಲ್ಲ. ನೋಡಿಬಂದವರ ಅರ್ಜಿಗೆ ವಿಶೇಷ ಪ್ರಾಶಸ್ತ್ಯವೂ ಇಲ್ಲ.'

ನಲವತ್ತಮೂರು ಅರ್ಜಿಗಳು ಬಂದವು. ಚೇರಮನ್‌ರ ಮನೆತನದವು ಹನ್ನೊಂದು. ಅದರಲ್ಲಿ ಒಂದು, ಸೊಸೆಯ ಹೊಟ್ಟೆಯಲ್ಲಿದ್ದ ಮೊಮ್ಮಗನ ಹೆಸರಿನಲ್ಲಿ. ಹೆಸರು ಇಟ್ಟ ಮೇಲೆ ತುಂಬಿಕೊಳ್ಳಲು ಜಾಗ ಬಿಟ್ಟಿದ್ದರು. ಕುಬೇರಪ್ಪನವರ ಮೈದುನ ಈ ಊರಿನವನಲ್ಲದಿದ್ದರೂ, ಹಮರಾನದವ ಎಂದು ಬರೆದುಕೊಂಡು ಅರ್ಜಿ ಹಾಕಿದ. ಅಲ್ಲವೆಂದು ಹೇಳುವವರು ಯಾರೂ ಇರಲಿಲ್ಲ. ದಾವೂದಸಾಬನ ಅಣ್ಣ ಇಸ್ಮಾಯಿಲಸಾಬನೂ ಒಂದು ಹಾಕಿದ.

"ನೀ ಯಾಕ ಹಾಕಿದಿ ಭಾಯಿ?"

"ನಿನಗ ಅಲ್ಲಿ ಒಬ್ಬಾವಗ ಬ್ಯಾಸರ ಆಗಬಾರದಂತ. ಬಾಜೂಕ ಇರ್ಲಿ."

ಮಲಿಕಾಬಿ ಅಂದು ಊಟಕ್ಕೆ ಬಡಿಸುವಾಗ ಬಟ್ಟಲುಗಳು ಸ್ವಲ್ಪ ಜೋರಾಗಿ ಸಪ್ಪಳ ಮಾಡಿದವು.

ಜಾಗಕ್ಕಾಗಿ ಜಗಳಗಳಾದವು. ಕಾರಖಾನೆಯ ಬಾಜೂ ಜಾಗ ಎಲ್ಲರಿಗೂ ಬೇಕು. ಹಮರಾನದಲ್ಲಿ ಚೇರಮನ್‌ರ ಮನೆಯ ಮಾಳಿಗೆಯ ನೀರು ತನ್ನ ಅಂಗಳಕ್ಕೆ ಬೀಳುತ್ತದೆ ಎಂದು ಒಬ್ಬ ತಕರಾರು ಕೊಟ್ಟ. ಅಲ್ಲಿ ಮಳೆಯಿಲ್ಲ ಎಂದು ಪಂಚನಾಮೆ ತೋರಿಸಿದಾಗ, ಇವತ್ತು ಇಲ್ಲ, ನಾಳೆ ಬಂದರೆ ಏನು ಮಾಡೋಣ ಎಂದ. ಆ ಮಾತಿನಲ್ಲಿ ತಥ್ಯವಿದೆ ಎಂದು ಕಂಡುಬಂದುದರಿಂದ ನಡುವೆ ಮೂರು ಮೊಳದ ಸಂದಿ ಬಿಡಲಾಯಿತು.

ದಾವೂದಸಾಬ ತನಗೆ ಅರ್ಜಿಯ ಅವಶ್ಯಕತೆ ಇಲ್ಲವೆಂದು ತಿಳಿದು ಸುಮ್ಮನಿದ್ದ. ಹದಿನೈದನೆಯ ದಿನ ತಲಾಠಿಯೇ ಮನೆಗೆ ಬಂದು ಹೇಳಿದ, "ಲೇ, ಹಮರಾನಕ್ಕ ಹೋಗಾಂವ ನೀ ಒಬ್ಬಾವ. ನಿಂದ ಅರ್ಜಿ ಇಲ್ಲಲ್ಲೋ." ಹೀಗೆ ಅವನದು ನಲವತ್ತನಾಲ್ಕನೆಯದಾಯಿತು. ಕಾರಖಾನೆಯ ಬಾಜೂ ಜಾಗ ಮುಗಿದಿತ್ತು, ಬಜಾರದ ಜಾಗ ಮುಗಿದಿತ್ತು. ಎಲ್ಲರೂ ಬೇಡವೆಂದು ಬಿಟ್ಟಿದ್ದ ಒಂದೇ ಒಂದು ಜಾಗ ಅವನ ಪಾಲಿಗೆ ಬಂತು: ಕಾರಖಾನೆಯಿಂದ ನಾಲ್ಕು ಮೈಲಿ, ಮರಳುಗಾಡಿನ ಒಳಗೆ.

ಊರವರು ಪಾಪ ಅಂದರು. ಮಲಿಕಾಬಿ ಎಲ್ಲರಿಗೂ ಸಕ್ಕರೆ ಹಂಚಿದಳು.

ಸೆಪ್ಟೆಂಬರ್ ಇಪ್ಪತ್ತಾರಕ್ಕೆ ದಾವೂದಸಾಬ ಮತ್ತೆ ತಾಲೂಕು ಕಚೇರಿಯ ಬೆಂಚಿನ ಮೇಲೆ ಕೂತ. ಅವನ ಕೈಯಲ್ಲಿ ಹಮರಾನದ ಪ್ರಭಾರ ತಲಾಠಿ ಸಹಿ ಮಾಡಿದ ರಹವಾಸಿ ದಾಖಲೆ ಇತ್ತು. ಕುಬೇರಪ್ಪನವರು ಅದನ್ನು ಎರಡು ಸಲ ಓದಿದರು, ಮುಖದಲ್ಲಿ ಮೆಚ್ಚುಗೆ ಕಂಡಿತು.

"ದಾಖಲೆ ಅಗದಿ ಬರೋಬ್ಬರಿ ಐತಿ. ಶಂಭುಲಿಂಗಪ್ಪ ಹುಷಾರ ಮನಶ್ಯಾ. ಆದ್ರ..."

"ಆದ್ರ ಏನ್ರಿ?"

"ಹಮರಾನ ಈಗ ಯರೆಹಾಳದ ಮಜರೆ. ತನ್ನ ಊರಿನ ಮಜರೆಗೆ ಹೋದಾಂವ ಊರು ಬಿಟ್ಟಂಗ ಆಗೂದಿಲ್ಲ. ಊರು ಬಿಡದಾವಗ ಊರು ಬಿಟ್ಟ ದಾಖಲೆ ಕೊಟ್ರ ನಾಳೆ ನನ್ನ ನೌಕರಿ ಹೋಗತೈತಿ."

ದಾವೂದಸಾಬ ದಾಖಲೆಯನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದ. ಇಂಜಿನ್ನಾಗಿದ್ದರೆ ಇಷ್ಟರಲ್ಲಿ ಎಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಯುತ್ತಿತ್ತು. ಇಲ್ಲಿ ಎಲ್ಲ ಭಾಗಗಳೂ ಸರಿಯಾಗಿಯೇ ತಿರುಗುತ್ತಿದ್ದವು.

"ಮತ್ತ ಪಾಸಪೋರ್ಟ್‌ದ್ದ ಹೆಂಗ್ರಿ?"

"ಓಣಿಯಿಂದ ಓಣಿಗೆ ಹೋಗಾಕ ಪಾಸಪೋರ್ಟ್ ಯಾಕ ಬೇಕೋ ತಮ್ಮಾ? ಅರ್ಜಿ ಹಿಂದಕ ತಗೋ. ತ್ರಾಸ ತಪ್ಪತೈತಿ."

"ಸಾಹೇಬ್ರ, ನಡಕ ಸಮುದ್ರ ಐತ್ರಿ."

ಕುಬೇರಪ್ಪನವರು ಯರೆಹಾಳದ ದಫ್ತರ ತರಿಸಿ ಪುಟ ತಿರುವಿದರು. "ಯರೆಹಾಳಕ್ಕೂ ಅದರ ಮಜರೆಗೂ ನಡಕ ಸಮುದ್ರ ಇದ್ದ ಬಗ್ಗೆ ನೋಂದು ಇಲ್ಲ. ಪಶ್ಚಿಮಕ್ಕ ಎರಡು ಫರ್ಲಾಂಗಿಗೆ ಒಂದು ಹಳ್ಳ ಐತಿ, ಅಷ್ಟ. ಬ್ಯಾಸಗ್ಯಾಗ ಅದರಾಗೂ ನೀರಿರೂದಿಲ್ಲ."

"ಹಂಗಾರ ನಾ ಹೋಗೂದು ಹೆಂಗ?"

"ಹೋಗಾಕ ದಾರಿ ಇಲ್ಲ ಅನ್ನೂದು ನಿನ್ನ ತಕರಾರು ಆದ್ರ, ಪಂಚಾಯತಿಗೆ ಅರ್ಜಿ ಕೊಡು. ಮೂಲಗ್ರಾಮದಿಂದ ಮಜರೆಗೆ ದಾರಿ ಮಾಡಿಕೊಡೂದು ಅವರ ಜವಾಬ್ದಾರಿ. ನಾನೂ ಒಂದು ಮಾತು ಬರೀತೇನಿ."

ಅವರು ಬರೆದರು ಕೂಡ. ಕುಬೇರಪ್ಪನವರು ಒಳ್ಳೆಯವರು ಎಂದು ಆಗಲೇ ಹೇಳಿದೆ.

ಪಂಚಾಯತಿ ಸಭೆಯಲ್ಲಿ ರಸ್ತೆಯ ಠರಾವು ಒಮ್ಮತದಿಂದ ಪಾಸಾಯಿತು. ಅರಬಸ್ತಾನ ಪಶ್ಚಿಮಕ್ಕಿದೆ ಎಂದು ಮಾಬುಬಿ ಖಚಿತವಾಗಿ ಹೇಳಿದ್ದರಿಂದ ರಸ್ತೆಯನ್ನು ಊರ ಪಶ್ಚಿಮದ ಅಗಸಿ ಬಾಗಿಲಿನಿಂದ ಹೊರಡಿಸಿದರು. ಕೆಲಸ ಹಿಡಿದವನು ಚೇರಮನ್‌ರ ಅಳಿಯ. ಯರೆಹಾಳದ ಇತಿಹಾಸದಲ್ಲಿ ಯಾವ ರಸ್ತೆಯೂ ಅಷ್ಟು ಬೇಗ ಮುಂದುವರಿದದ್ದಿಲ್ಲ. ಹದಿನಾರು ದಿನದಲ್ಲಿ ಅದು ಎರಡು ಫರ್ಲಾಂಗು ದಾಟಿ ಹಳ್ಳದ ದಂಡೆಗೆ ಮುಟ್ಟಿತು. ಅಲ್ಲಿ ಕಲ್ಲು ಮುಗಿದವು.

ಹಳ್ಳದ ಆಚೆ, ಪ್ರವಾಹ ತಿರುಗುವ ಕಡೆ, ಐದಾರು ಎಕರೆ ಉಸುಕು ಬಿದ್ದಿತ್ತು. ವರ್ಷಗಳಿಂದ ಬಿದ್ದಿತ್ತು, ಅದನ್ನು ಯಾರೂ ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ. ಶಂಭುಲಿಂಗಪ್ಪ ದಂಡೆಯ ಮೇಲೆ ನಿಂತು ಆ ಕಡೆ ನೋಡಿದ, ಆಮೇಲೆ ಚೀಲದಿಂದ ಪಂಚನಾಮೆ ತೆಗೆದು ನೋಡಿದ. ಪೂರ್ವಕ್ಕೆ ಉಸುಕು, ಪಶ್ಚಿಮಕ್ಕೆ ಉಸುಕು, ದಕ್ಷಿಣೋತ್ತರ ಉಸುಕು. ಯಾರ ಹೆಸರಿನಲ್ಲೂ ಇಲ್ಲ. ಹಳ್ಳಕ್ಕೆ ಇಳಿದು ದಾಟಿ ಹೋಗಿ, ಮೆಟ್ಟು ಬಿಚ್ಚಿ, ನಾಲ್ಕು ಹೆಜ್ಜೆ ನಡೆದು ಕಾಲು ಝಾಡಿಸಿದ. ಹತ್ತಲಿಲ್ಲ.

"ಪಂಚನಾಮೆ ಪ್ರಕಾರ ಸ್ಥಳ ತಾಳೆ ಬಿತ್ತು," ಎಂದು ಈ ದಂಡೆಗೆ ಕೂಗಿ ಹೇಳಿದ.

"ಏನಂದ್ರಿ?" ಎಂದರು ಈರಬಸಪ್ಪ.

"ಹಮರಾನ ಬಂತ್ರಿ!"

ಎರಡು ದಿನದಲ್ಲಿ ಅಳತೆಯ ಸರಪಳಿ ತಂದು ನಲವತ್ತನಾಲ್ಕು ಜಾಗಗಳನ್ನು ಗುರುತು ಮಾಡಿ ಗೂಟ ಬಡಿದರು. ಕಲ್ಲಿನ ಮೇಲೆ ಸುಣ್ಣದಿಂದ 'ಹಮರಾನ' ಎಂದು ಬರೆದು ನಿಲ್ಲಿಸಿದರು. ಮೂರು ಮೊಳದ ಸಂದಿಯನ್ನು ಮರೆಯದೆ ಬಿಟ್ಟರು. ಈರಬಸಪ್ಪನವರು ತಮ್ಮ ಹನ್ನೊಂದು ಜಾಗಗಳಿಗೆ ಮುಳ್ಳಿನ ಬೇಲಿ ಹಾಕಿಸಿ, ಮೂರನೆಯ ದಿನದಿಂದ ಅಲ್ಲಿಯ ಉಸುಕನ್ನು ಲಾರಿಯಲ್ಲಿ ಹುಬ್ಬಳ್ಳಿಗೆ ಕಳಿಸತೊಡಗಿದರು. ಹಮರಾನದ ಉಸುಕು ಗೋಡೆಯ ಗಿಲಾವಿಗೆ ಚಲೋ ಎಂದು ಹೆಸರಾಯಿತು.

ದಾವೂದಸಾಬ ತನ್ನ ನಲವತ್ತನಾಲ್ಕನೆಯ ಗೂಟದ ಮುಂದೆ ಹೋಗಿ ನಿಂತ. ಅಕ್ಟೋಬರ್ ಹದಿನೇಳು. ಇನ್ನು ಹದಿನಾಲ್ಕು ದಿನ.

ಮಲಿಕಾಬಿ ಹಿಂದೆಯೇ ಬಂದಿದ್ದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಸುತ್ತ ನೋಡಿದಳು. ಹಳ್ಳದ ಆಚೆ ತಮ್ಮ ಊರಿನ ಮಸೂತಿ, ಗುಡಿಯ ಶಿಖರ, ಇಸ್ಮಾಯಿಲಸಾಬನ ಮಾಳಿಗೆ, ಎಲ್ಲ ಕಾಣುತ್ತಿದ್ದವು.

"ಹಮರಾನ ಅಂದ್ರ ಇದ ಏನು?" ಎಂದಳು.

"ಕಾಗದದ ಪ್ರಕಾರ ಹೌದು."

"ನಿನ್ನ ಪ್ರಕಾರ?"

ದಾವೂದಸಾಬ ಲೆಕ್ಕ ಹಾಕಿದ. ಪಾಸ್‌ಪೋರ್ಟ್ ಅರ್ಜಿ ಹಿಂದೆ ಬಂದಿತ್ತು. ಮತ್ತೆ ಹಾಕಿದರೆ ಮತ್ತೆ ಊರು ಬಿಟ್ಟ ದಾಖಲೆ ಬೇಕು. ಹಮರಾನವನ್ನು ಮಜರೆಯಿಂದ ತೆಗೆಯಬೇಕೆಂದರೆ, ಮಜರೆಯ ಎಲ್ಲ ಜಾಗದಾರರ ಒಪ್ಪಿಗೆ ಬೇಕು ಎಂದು ಕುಬೇರಪ್ಪ ಹೇಳಿದ್ದರು. ಅದರಲ್ಲಿ ಹೊಟ್ಟೆಯೊಳಗಿನ ಒಬ್ಬನೂ ಇದ್ದ. ಹದಿನಾಲ್ಕು ದಿನದಲ್ಲಿ ಆಗುವ ಕೆಲಸ ಒಂದೇ ಉಳಿದಿತ್ತು.

"ತಗಡು ತಂದ್ರ ಎರಡು ಖೋಲಿ ಎಬ್ಬಿಸಬಹುದು," ಎಂದ.

"ಬಾಗಲಾ?"

"ಬಾಗಲಾ ಮೊದ್ಲ."

ಮಲಿಕಾಬಿ ಚಪ್ಪಲಿ ಬಿಚ್ಚಿ ಉಸುಕಿನ ಮೇಲೆ ಕಾಲಿಟ್ಟಳು. "ಬಿಸಿ ಐತಿ," ಎಂದಳು. ಅದು ಒಪ್ಪಿಗೆಯೋ ತಕರಾರೋ ದಾವೂದಸಾಬನಿಗೆ ತಿಳಿಯಲಿಲ್ಲ. ಸಂಜೆಯೊಳಗೆ ಅವಳು ಜಮಖಾನೆ ಬಿಚ್ಚಿ ಮಡಚಿ ಇಟ್ಟಿದ್ದಳು. ಇಸ್ಮಾಯಿಲಸಾಬನಿಂದ ಮಾತ್ರ, ಹಮರಾನಕ್ಕೆ ಮಗ್ಗ ತರುವುದಿಲ್ಲ ಎಂದು ತಲಾಠಿಯ ಎದುರಿಗೆ ಬರೆಸಿಕೊಂಡಳು.

ಅಕ್ಟೋಬರ್ ಇಪ್ಪತ್ತೈದಕ್ಕೆ ಅವರು ಚಕ್ಕಡಿಯಲ್ಲಿ ಸಾಮಾನು ಹೇರಿಕೊಂಡು ಹೊರಟರು. ಅಗಸಿಯ ತನಕ ಊರೇ ಬಂತು. ಅರಬಸ್ತಾನಕ್ಕೆ ಹೋಗುವವರನ್ನು ಹೇಗೆ ಕಳಿಸಬೇಕೋ ಹಾಗೆಯೇ ಕಳಿಸಿದರು. ಹೆಂಗಸರು ಅತ್ತರು. ಪತ್ರ ಹಾಕ್ರಿ, ಮರೀಬ್ಯಾಡ್ರಿ ಎಂದರು. ಮಾಬುಬಿ ಇಬ್ಬರ ತಲೆಯ ಮೇಲೂ ಕೈಯಿಟ್ಟು, ಅಲ್ಲಿ ಮಧ್ಯಾಹ್ನ ಹೊರಗೆ ತಿರುಗಬೇಡಿ, ತಲೆಗೆ ಬಟ್ಟೆ ಇರಲಿ ಎಂದು ಹೇಳಿದಳು. ಈರಬಸಪ್ಪನವರು ಒಂದು ಮಾಲೆ ಹಾಕಿ, ನಮ್ಮ ಊರಿನ ಹೆಸರು ಪರದೇಶದಲ್ಲಿ ಉಳಿಸಬೇಕು ಎಂದು ನಾಲ್ಕು ಮಾತಾಡಿದರು. ಮಾತು ಮುಗಿಸಿ ಅದೇ ಚಕ್ಕಡಿಯಲ್ಲಿ ತಮ್ಮ ಉಸುಕಿನ ಲಾರಿ ನೋಡಲು ಜತೆಗೆ ಬಂದರು.

ಶಂಭುಲಿಂಗಪ್ಪ ಅಂದೇ ದಫ್ತರದಲ್ಲಿ ಬರೆದ: 'ಶ್ರೀ ದಾವೂದಸಾಬ, ಕುಟುಂಬ ಸಹಿತ, ಹಮರಾನದಲ್ಲಿ ಹಾಜರ್. ಅವಧಿಗಿಂತ ಆರು ದಿನ ಮುಂಚಿತ.' ಆ ವಾರದ ಭೇಟಿಯೂ ಆಗಿಹೋಯಿತು.

ಮೂರನೆಯ ದಿನ ದಾವೂದಸಾಬ ಕಂಪನಿಗೆ ಪತ್ರ ಬರೆದ. ತಾನು ಆದೇಶದಂತೆ ಹಮರಾನಕ್ಕೆ ಬಂದು ಮೂರನೆಯ ಸ್ಥಳದಲ್ಲಿ ವಾಸವಾಗಿದ್ದೇನೆ. ಹಾಜರಾದ ದಾಖಲೆ ಲಗತ್ತಿಸಿದ್ದೇನೆ. ಕೆಲಸಕ್ಕೆ ಯಾವತ್ತು ಬರಬೇಕು ತಿಳಿಸಬೇಕು. ಅದನ್ನು ಅಂಚೆಯ ಈರಪ್ಪನ ಕೈಗೆ ಕೊಟ್ಟ. ಯರೆಹಾಳದ ಅಂಚೆಯವನಾದ ಈರಪ್ಪನಿಗೆ ಹಮರಾನವನ್ನೂ ವಹಿಸಿದ್ದರು; ಅವನು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಹಳ್ಳ ದಾಟಿ ಬರುತ್ತಿದ್ದ.

ಈರಪ್ಪ ವಿಳಾಸ ಓದಿದ. "ಹಮರಾನದಿಂದ ಹಮರಾನಕ್ಕ?"

"ಹೌದು."

"ಇದಕ್ಕ ಪರದೇಶದ ಟಿಕೀಟು ಹಚ್ಚೀರಲ್ರಿ. ಸುಮ್ಮನ ದಂಡ. ಊರಾಗಿಂದ ಊರಾಗ ಕೊಡೂದು, ನಾನ ಕೊಟ್ಟು ಬರತೇನಿ. ಕಾರಖಾನಿ ಎಲ್ಲೈತಿ?"

"ಇಲ್ಲಿಂದ ನಾಕು ಮೈಲಿ."

"ಯಾವ ಬಾಜು?"

ದಾವೂದಸಾಬ ಬಾಗಿಲಿಗೆ ಬಂದು ನಾಲ್ಕೂ ದಿಕ್ಕು ನೋಡಿದ. ಪೂರ್ವಕ್ಕೆ ಯರೆಹಾಳ, ಅಲ್ಲಿ ಕಾರಖಾನೆ ಇಲ್ಲವೆಂದು ಅವನಿಗೆ ಖಚಿತವಿತ್ತು. ಉಳಿದ ಮೂರು ದಿಕ್ಕುಗಳ ಬಗ್ಗೆ ಅಷ್ಟು ಖಚಿತವಾಗಿ ಹೇಳಲು ಅವನಲ್ಲಿ ಆಧಾರವಿರಲಿಲ್ಲ. ಕೈಯೆತ್ತಿ ಪಶ್ಚಿಮಕ್ಕೆ ತೋರಿಸಿದ.

ಈರಪ್ಪ ಪತ್ರವನ್ನು ಚೀಲಕ್ಕೆ ಹಾಕಿಕೊಂಡು, ಸೈಕಲ್ ತಳ್ಳುತ್ತ ಬಿಳಿಜೋಳದ ಹೊಲಗಳ ನಡುವಿನ ಕಾಲುದಾರಿ ಹಿಡಿದು ಹೋದ.

"ಜವಾಬು ಯಾವಾಗ ಬರಬಹುದು?" ಮಲಿಕಾಬಿ ಒಳಗಿನಿಂದ ಕೇಳಿದಳು. ದನಿ ದೊಡ್ಡದಾಗಿಯೇ ಇತ್ತು. ಈ ಮೂರು ದಿನದಲ್ಲಿ ಅವಳು ಹಾಗೆ ಮಾತಾಡುವುದನ್ನು ಕಲಿತಿದ್ದಳು.

"ಹೋಗಾಕ ನಾಕು ಮೈಲಿ, ಬರಾಕ ನಾಕು. ಸಂಜಿಯೊಳಗ ಬರಬೇಕು."

"ನಾಳಿಂದ ಡ್ಯೂಟಿ ಅಂದ್ರ ಬುತ್ತಿ ಕಟ್ಟಬೇಕಲ್ಲ?"

"ಕಟ್ಟಬೇಕು."

ಮಲಿಕಾಬಿ ಮೊರ ತೆಗೆದುಕೊಂಡು ಜೋಳ ಹಸನು ಮಾಡಲು ಕೂತಳು. ದಾವೂದಸಾಬ ತನ್ನ ಪಾನಾಗಳನ್ನೆಲ್ಲ ಬಾಗಿಲ ಮುಂದೆ ಹರಡಿ, ಒಂದೊಂದನ್ನೇ ಎಣ್ಣೆಬಟ್ಟೆಯಿಂದ ಒರೆಸಿ, ಅಳತೆಯ ಪ್ರಕಾರ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸತೊಡಗಿದ.